ರೇಡಿಯೋ ಪರದೆಯೂ ಹಾಡಿದವರ ಹೆಸರೂ

ಹಿರಿಯರು: ರೇಡಿಯೋ ಕಿವಿಯ ಆಸ್ತಿ, ಮಾರಾಯ. ಕಣ್ಣಿಗೆ ಬೇಕಾದ್ದನ್ನು ಟೀವಿಯೂ ಮೊಬೈಲೂ ಬೇಕಾದಷ್ಟು ಕೊಡುತ್ತಿವೆ. ಈಗ ಕಾರಿನ ಸ್ಟೀರಿಯೋಗೂ ಒಂದು ಪರದೆ ಬಂದಿದೆ. ಅದರಲ್ಲಿ ಸ್ಟೇಷನ್ನಿನ ಹೆಸರು ಕಾಣಬೇಕು, ಹಾಡಿನ ಹೆಸರು ಕಾಣಬೇಕು, ಹಾಡಿದವರ, ಬರೆದವರ ಹೆಸರೂ ಕಾಣಬೇಕು ಎಂದು ನೀನು ಹಟ ಹಿಡಿದಿದ್ದೀಯ. ದಹಿಸರ್‌ನಿಂದ ಬಾಂದ್ರಾದವರೆಗೆ ಹೈವೇಯಲ್ಲಿ ತೆವಳುವ ಟ್ಯಾಕ್ಸಿಯವನಿಗೂ ಸೊಸೈಟಿಯ ಗೇಟಿನಲ್ಲಿ ರಾತ್ರಿ ಕಾಯುವ ವಾಚ್‌ಮನ್‌ಗೂ ಹಾಡು ಕೇಳಿಸಿದರೆ ಸಾಕು. ಹಿಡಿಸಿದರೆ ಗುನುಗುತ್ತಾರೆ, ಇಲ್ಲವಾದರೆ ಸ್ಟೇಷನ್ ಬದಲಿಸುತ್ತಾರೆ. 1927ರ ಜುಲೈ 23ರಂದು ಈ ಮುಂಬೈಯಲ್ಲಿ ಶುರುವಾದ ಪ್ರಸಾರ ಇಷ್ಟು ಕಾಲ ಪರದೆಯ ಹಂಗಿಲ್ಲದೆ ನಡೆದಿದೆ. ಈಗೇಕೆ ಈ ಅಲಂಕಾರ?

ಕಿರಿಯರು: ಅಲಂಕಾರ ಎಂದು ನೀವು ಕರೆದದ್ದನ್ನು ನಾನು ಬಾಕಿ ಎಂದು ಕರೆಯುತ್ತೇನೆ ಅಣ್ಣ. ಹಾಡಿನ ಜೊತೆಗೆ ಹಾಡಿದವರ, ಬರೆದವರ, ರಾಗ ಕಟ್ಟಿದವರ ಹೆಸರನ್ನು ಕೇಳುಗನಿಗೆ ಮುಟ್ಟಿಸುವುದು ಪ್ರಸಾರ ಮಾಡುವವರ ಸಾಲ, ಅದನ್ನು ತೀರಿಸಲು ಈಗ ಅತಿ ಸುಲಭದ ದಾರಿ ಈ ಪರದೆ. ಈ ಹೆಸರಿನ ಪ್ರಶ್ನೆ ಮುಂಬೈಗೆ ಹೊಸದೇನಲ್ಲ. ಮಲಾಡಿನ ಬಾಂಬೆ ಟಾಕೀಸ್ 1949ರಲ್ಲಿ 'ಮಹಲ್' ಚಿತ್ರ ತೆಗೆಯಿತು. ಅದರ 'ಆಯೇಗಾ ಆನೇವಾಲಾ' ಹಾಡಿನ ರೆಕಾರ್ಡಿನ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಕಾಮಿನಿ ಎಂದು ಅಚ್ಚಾಗಿತ್ತು. ಕಾಮಿನಿ ಅಂದರೆ ಚಿತ್ರದಲ್ಲಿ ಮಧುಬಾಲಾ ವಹಿಸಿದ ಪಾತ್ರ. ಹಾಡಿದ್ದು ಲತಾ ಮಂಗೇಶ್ಕರ್. ಈ ದನಿ ಯಾರದು ಎಂದು ಕೇಳುಗರು ರೇಡಿಯೋ ಕೇಂದ್ರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಕೇಂದ್ರದವರು ರೆಕಾರ್ಡ್ ಕಂಪನಿಯನ್ನು ವಿಚಾರಿಸಿ ಹೆಸರನ್ನು ಗಾಳಿಗೆ ಬಿಟ್ಟರು. ಹಾಡು ಕೇಳಿದರೆ ಸಾಕು ಎನ್ನುತ್ತೀರಿ, ಆದರೆ ಆ ಕಾಲದ ಕೇಳುಗರಿಗೆ ಅಷ್ಟು ಸಾಕಾಗಲಿಲ್ಲ. ದನಿ ಮೆಚ್ಚಿದವನಿಗೆ ಅದರ ಹಿಂದಿನ ಮನುಷ್ಯನನ್ನು ತಿಳಿಯುವ ಆಸೆ ತಾನಾಗಿಯೇ ಹುಟ್ಟುತ್ತದೆ. ಅದನ್ನು ಪೂರೈಸಲು ಆಗ ಅಂಚೆಯ ಪತ್ರ ಬೇಕಿತ್ತು.

ಹಿರಿಯರು: ನೀನು ಹೇಳಿದ ಕಥೆ ನನ್ನ ಮಾತಿಗೇ ಬಲ ಕೊಡುತ್ತದೆ. ಹೆಸರು ತಿಳಿಸಿದ್ದು ಬಾಯಿಮಾತು, ಪರದೆಯಲ್ಲ. 1957ರ ಅಕ್ಟೋಬರ್ 3ರಂದು ಶುರುವಾದ ವಿವಿಧ ಭಾರತಿಯ ಉದ್ಘೋಷಕರು ಚಿತ್ರ, ಗಾಯಕ, ಗೀತರಚನೆ, ಸಂಗೀತ ಎಂದು ಒಂದೊಂದೇ ಹೆಸರು ಹೇಳಿಯೇ ಹಾಡು ಹಾಕುತ್ತಿದ್ದರು. ನಮ್ಮ ಕಡೆಯ ಆಕಾಶವಾಣಿ ಕೇಂದ್ರಗಳ ಸುಗಮ ಸಂಗೀತದಲ್ಲಿಯೂ ರಚನೆ ಇಂಥವರದು, ಸಂಯೋಜನೆ ಇಂಥವರದು, ಹಾಡಿದವರು ಇಂಥವರು ಎಂದು ಹೇಳದೆ ಭಾವಗೀತೆ ಶುರುವಾಗುತ್ತಿರಲಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ಹೆಸರನ್ನೂ ಮೈಸೂರು ಅನಂತಸ್ವಾಮಿಯವರ ಹೆಸರನ್ನೂ ಜನ ಕಲಿತದ್ದು ಹಾಗೆ. ಓದಲು ಬಾರದವರಿಗೂ ಆ ಹೆಸರುಗಳು ಬಾಯಿಪಾಠವಾಗಿದ್ದವು. ಒಳ್ಳೆಯ ಉದ್ಘೋಷಕನಿದ್ದರೆ ಪರದೆ ಯಾಕೆ ಬೇಕು?

ಕಿರಿಯರು: ಆ ಉದ್ಘೋಷಣೆಗೆ ನಾನು ಕೈಮುಗಿಯುತ್ತೇನೆ. ಅದೂ ಪುಕ್ಕಟೆ ಸಿಕ್ಕದ್ದಲ್ಲ, ಜಗಳವಾಡಿ ಪಡೆದದ್ದು. ಬಿ.ವಿ. ಕೇಸ್ಕರ್ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ, ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆ ಎಂಬ ನಿಲುವನ್ನು ಆಕಾಶವಾಣಿ ತಳೆಯಿತು. ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪರವಾನಗಿಯನ್ನೇ ಹಿಂತೆಗೆದುಕೊಂಡರು. ಕೇಳುಗರು ಸಿಲೋನ್ ರೇಡಿಯೋ ಕಡೆ ತಿರುಗಿದರು. ಅಮೀನ್ ಸಯಾನಿಯವರ ದನಿಯಲ್ಲಿ ಮುಂಬೈಯಲ್ಲೇ ಮುದ್ರಣಗೊಂಡ 'ಗೀತಮಾಲಾ' ಕಾರ್ಯಕ್ರಮ ಸಮುದ್ರ ದಾಟಿ ಹೋಗಿ ಅಲ್ಲಿಂದ ನಮಗೆ ಕೇಳಿಸಿತು. ಗಾಯಕರ ಹೆಸರು ಹೇಳುವುದು ರೂಢಿಯಾದ ಮೇಲೂ ಬರೆದವರ ಹೆಸರು ಹಿಂದೆಯೇ ಉಳಿಯಿತು. ಅದನ್ನೂ ಹೇಳಬೇಕೆಂದು ಪಟ್ಟು ಹಿಡಿದವರಲ್ಲಿ ಗೀತರಚನೆಕಾರ ಸಾಹಿರ್ ಲುಧಿಯಾನ್ವಿ ಮುಖ್ಯರು. ಅಂದರೆ ಒಂದೊಂದು ಹೆಸರಿನ ಹಿಂದೆಯೂ ಒಬ್ಬರು ನಿಂತು ಕೇಳಿದ್ದಾರೆ. ಹೀಗೆ ಗಳಿಸಿದ್ದು ಖಾಸಗಿ ಎಫ್‌ಎಂ ಬಂದ ಮೇಲೆ ಸಡಿಲವಾಯಿತು. 2001ರಲ್ಲಿ ಬೆಂಗಳೂರಿನಲ್ಲಿ, 2002ರಲ್ಲಿ ಮುಂಬೈಯಲ್ಲಿ ಖಾಸಗಿ ಸ್ಟೇಷನ್ನುಗಳು ಶುರುವಾದವು. ಹಾಡಿನ ಬಾಲಕ್ಕೆ ಇನ್ನೊಂದು ಹಾಡು, ನಡುವೆ ಜಿಂಗಲ್, ಜಾಹೀರಾತು, ಆರ್‌ಜೆಯ ಹರಟೆ. ಈ ಓಟದಲ್ಲಿ ನಾಲ್ಕು ಹೆಸರು ನಿಧಾನವಾಗಿ ಹೇಳಲು ವ್ಯವಧಾನವೇ ಉಳಿಯಲಿಲ್ಲ. ಆರ್‌ಜೆಯ ಬಾಯಿಗೆ ಬಿಡುವಿಲ್ಲದ ಮೇಲೆ ಆ ಕೆಲಸವನ್ನು ಪರದೆಗೆ ಒಪ್ಪಿಸಬೇಕು ಎಂಬುದಷ್ಟೇ ನನ್ನ ವಾದ. ಬಾಯಿ ಹೇಳಿದರೆ ಇನ್ನೂ ಚೆಂದ. ಬಾಯಿ ಸುಮ್ಮನಿದ್ದಾಗಲೂ ಹೆಸರು ಉಳಿಯಬೇಕು.

ಹಿರಿಯರು: ಚೆಂದ ಎನ್ನುವುದು ಬೇರೆ, ಕಡ್ಡಾಯ ಎನ್ನುವುದು ಬೇರೆ. ಸ್ಟೇಷನ್ನು ದುಡ್ಡು ಕೊಟ್ಟು ಹಾಡು ಹಾಕುತ್ತದೆ. ಹೋಟೆಲಿನವನು ಅಡುಗೆಭಟ್ಟನ ಹೆಸರನ್ನು ಮೆನು ಕಾರ್ಡಿನಲ್ಲಿ ಬರೆಯುತ್ತಾನೆಯೇ? ಹೆಸರು ಹಾಕಲೇಬೇಕು ಎಂದು ಯಾವ ಬಲದಿಂದ ಕೇಳುತ್ತೀಯ?

ಕಿರಿಯರು: ಕಾನೂನಿನ ಬಲದಿಂದಲೇ. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 31ಡಿ ಕಲಮು ಸೇರಿತು. ಹಕ್ಕುದಾರರ ಜೊತೆ ಒಬ್ಬೊಬ್ಬರಾಗಿ ಚೌಕಾಸಿ ಮಾಡದೆ, ಗೊತ್ತುಪಡಿಸಿದ ದರ ಕೊಟ್ಟು ಹಾಡು ಪ್ರಸಾರ ಮಾಡುವ ಶಾಸನಬದ್ಧ ಪರವಾನಗಿಯ ದಾರಿ ಅದು. ಆ ಕಲಮಿನಲ್ಲೇ, ಕೃತಿಕಾರರ ಹಾಗೂ ಮುಖ್ಯ ಕಲಾವಿದರ ಹೆಸರನ್ನು ಪ್ರಸಾರದ ಜೊತೆ ಘೋಷಿಸಬೇಕು ಎಂಬ ಷರತ್ತಿದೆ. ಪ್ರಸಾರದ ಲೆಕ್ಕಪತ್ರ ಇಟ್ಟು ಹಕ್ಕುದಾರರಿಗೆ ವರದಿ ಕೊಡಬೇಕು ಎಂಬ ಷರತ್ತೂ ಇದೆ. ಎಲ್ಲ ಸ್ಟೇಷನ್ನೂ ಆ ದಾರಿಯಲ್ಲೇ ಹೋಗಬೇಕಿಲ್ಲ, ನೇರ ಒಪ್ಪಂದ ಮಾಡಿಕೊಳ್ಳಬಹುದು, ಒಪ್ಪುತ್ತೇನೆ. ಆದರೆ ಕೃತಿ ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಮು ಕೃತಿಕಾರನಿಗೆ ಕೊಟ್ಟಿದೆ, ಹಕ್ಕುಸ್ವಾಮ್ಯವನ್ನು ಮಾರಿದ ಮೇಲೂ ಅದು ಅವನಲ್ಲೇ ಉಳಿಯುತ್ತದೆ. ಸಂಸತ್ತು ಹೆಸರಿಗೆ ಎಷ್ಟು ಬೆಲೆ ಕಟ್ಟಿದೆ ಎಂಬುದು ಇದರಿಂದ ಸ್ಪಷ್ಟ. ಇನ್ನು ಮಾಹಿತಿ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಏಳುವುದಿಲ್ಲ. ಇಂದು ಸ್ಟೇಷನ್ನಿನಲ್ಲಿ ಹಾಡು ಹಾಕುವುದು ಕಂಪ್ಯೂಟರು. ಯಾವ ಹಾಡು ಯಾವ ಗಳಿಗೆಗೆ ಶುರುವಾಗಬೇಕು ಎಂಬ ಪಟ್ಟಿ ಅದರಲ್ಲಿ ಮೊದಲೇ ಇರುತ್ತದೆ. ಲೆಕ್ಕಪತ್ರಕ್ಕಾಗಿ ಬರೆದಿಟ್ಟ ಹೆಸರನ್ನೇ ಕೇಳುಗನ ಕಡೆಗೂ ಕಳಿಸಿ ಎಂದು ಕೇಳುವುದು ಅತಿಯಾಸೆ ಹೇಗಾಗುತ್ತದೆ?

ಹಿರಿಯರು: ಕಳಿಸುವುದು ಹೇಗೆ? ಅದಕ್ಕೆ ಬೇರೆ ಟ್ರಾನ್ಸ್‌ಮಿಟರು, ಬೇರೆ ತರಂಗಾಂತರ ಬೇಕಾಗುವುದಿಲ್ಲವೇ? ಮುಂಬೈಯಲ್ಲಿ 91.1, 91.9, 92.7, 93.5, 94.3 ಎಂದು ಸ್ಟೇಷನ್ನುಗಳು ಸಾಲಾಗಿ ಕೂತಿವೆ. ಸಂದಿನಲ್ಲಿ ಮತ್ತೇನನ್ನು ತುರುಕುತ್ತೀಯ?

ಕಿರಿಯರು: ಸಂದಿಗೆ ಕೈ ಹಾಕಬೇಕಾಗಿಲ್ಲ, ಜಾಗ ಸ್ಟೇಷನ್ನಿನ ಒಳಗೇ ಇದೆ. ಎಫ್‌ಎಂನಲ್ಲಿ ನಮಗೆ ಕೇಳಿಸುವ ದನಿ 15 ಕಿಲೋಹರ್ಟ್ಸ್ ಒಳಗೆ ಮುಗಿಯುತ್ತದೆ. 19ರಲ್ಲಿ ಪೈಲಟ್ ಎಂಬ ಸಣ್ಣ ಸಂಕೇತ, ಇದು ಸ್ಟೀರಿಯೋ ಎಂದು ಸೆಟ್ಟಿಗೆ ತಿಳಿಸಲು. ಎಡ–ಬಲ ದನಿಗಳ ವ್ಯತ್ಯಾಸ 23ರಿಂದ 53ರವರೆಗೆ. ಅದರ ಮೇಲೆ, ಪೈಲಟ್ಟಿನ ಸರಿಯಾಗಿ ಮೂರು ಪಟ್ಟಾದ 57 ಕಿಲೋಹರ್ಟ್ಸ್‌ನಲ್ಲಿ ಅಕ್ಷರಗಳ ತೆಳುವಾದ ಒಂದು ಹರಿವನ್ನು ಬಿಡುತ್ತಾರೆ. ಕಿವಿಗೆ ಅದು ತಿಳಿಯುವುದೇ ಇಲ್ಲ. ಇದೇ ಆರ್‌ಡಿಎಸ್, ರೇಡಿಯೋ ಡೇಟಾ ಸಿಸ್ಟಂ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಇದರ ವಿವರವನ್ನು 1984ರಲ್ಲೇ ಪ್ರಕಟಿಸಿತು. ಹರಿವು ಸೆಕೆಂಡಿಗೆ 1187.5 ಬಿಟ್ ಮಾತ್ರ. 104 ಬಿಟ್ಟಿಗೆ ಒಂದು ಕಂತು, ಸೆಕೆಂಡಿಗೆ ಹನ್ನೊಂದು ಚಿಲ್ಲರೆ ಕಂತು. ಸ್ಟೇಷನ್ನಿನ ಹೆಸರಿಗೆ 8 ಅಕ್ಷರ, ಹಾಡಿನ ವಿವರದಂಥ ಪಠ್ಯಕ್ಕೆ 64 ಅಕ್ಷರ. ಕಡಿಮೆ ಅನ್ನಿಸುತ್ತದೆ ಅಲ್ಲವೇ? 'ಮಹಲ್' ಹಾಡನ್ನೇ ತೆಗೆದುಕೊಳ್ಳಿ. ಹಾಡಿನ ಹೆಸರು, ಲತಾ ಮಂಗೇಶ್ಕರ್, ಸಂಗೀತ ಕೊಟ್ಟ ಖೇಮ್‌ಚಂದ್ ಪ್ರಕಾಶ್, ಬರೆದ ನಕ್ಷಬ್, ಕೊನೆಗೆ ಚಿತ್ರದ ಹೆಸರು, ಇಷ್ಟನ್ನೂ ರೋಮನ್ ಲಿಪಿಯಲ್ಲಿ ನಡುವೆ ಒಂದೊಂದು ಗೆರೆ ಎಳೆದು ಬರೆದರೆ 63 ಅಕ್ಷರವಾಗುತ್ತದೆ. ಐದೂ ಹೆಸರು ಹಿಡಿಸಿ ಒಂದು ಅಕ್ಷರದ ಜಾಗ ಮಿಕ್ಕಿತು. ಕಂತಿಗೆ 4 ಅಕ್ಷರದಂತೆ 16 ಕಂತಿನಲ್ಲಿ ಇದೆಲ್ಲ ಸೆಟ್ಟಿಗೆ ಮುಟ್ಟುತ್ತದೆ. ಬೇರೆ ಮಾಹಿತಿಗೆ ಪಾಲು ಬಿಟ್ಟುಕೊಟ್ಟರೂ ಹಾಡಿನ ಪಲ್ಲವಿ ಮುಗಿಯುವುದರೊಳಗೆ ಹೆಸರು ಪರದೆಯ ಮೇಲೆ ಇರಬಲ್ಲದು. ಹೊಸ ಟ್ರಾನ್ಸ್‌ಮಿಟರು ಬೇಡ, ಇರುವುದಕ್ಕೆ ಒಂದು ಎನ್‌ಕೋಡರ್ ಜೋಡಿಸಿ ಸ್ಟುಡಿಯೋ ಕಂಪ್ಯೂಟರಿನಿಂದ ಒಂದು ತಂತಿ ಎಳೆದರೆ ಆಯಿತು. ಪರದೆ ಇರುವ ಬಹುಪಾಲು ಕಾರ್ ಸ್ಟೀರಿಯೋಗಳಿಗೆ ಇದನ್ನು ಓದಲು ಬರುತ್ತದೆ. ಸ್ಟೇಷನ್ನು ಕಳಿಸದಿದ್ದರೆ ಅವು ತೋರಿಸುವುದಾದರೂ ಏನನ್ನು?

ಹಿರಿಯರು: ರೋಮನ್ ಲಿಪಿ ಎಂದೆಯಲ್ಲ, ನನ್ನ ದೊಡ್ಡ ತಕರಾರು ಅಲ್ಲೇ. ಹಾಡು ಹಿಂದಿಯದು, ಊರು ಮರಾಠಿಯದು, ಕೇಳುವವನು ಡೊಂಬಿವಿಲಿಯ ಕನ್ನಡಿಗನೋ ಮೀರಾ ರೋಡಿನ ಗುಜರಾತಿಯೋ. ಪರದೆ ಮಾತ್ರ ಇಂಗ್ಲಿಷ್ ಅಕ್ಷರ ತೋರಿಸುತ್ತದೆ. ಬಾಯಿಮಾತು ಎಲ್ಲರಿಗೂ ತಿಳಿಯುತ್ತಿತ್ತು. ನೀನು ಕೇಳುಗರನ್ನು ಇಂಗ್ಲಿಷ್ ಓದಬಲ್ಲವರು, ಓದಲಾರದವರು ಎಂದು ಎರಡು ಪಾಲು ಮಾಡುತ್ತಿದ್ದೀಯ.

ಕಿರಿಯರು: ಈ ತಕರಾರು ನ್ಯಾಯವಾದದ್ದು, ಹಳೆಯ ಆರ್‌ಡಿಎಸ್ ಮಟ್ಟಿಗೆ ಪೂರ್ತಿ ನಿಜ. ಅದು ಯುರೋಪಿನ ಅಕ್ಷರಗಳಿಗೆಂದು ಹುಟ್ಟಿದ್ದು, ನಮ್ಮ ಯಾವ ಲಿಪಿಗೂ ಅದರ ಕೋಷ್ಟಕದಲ್ಲಿ ಸ್ಥಾನವಿಲ್ಲ. ಆಕಾಶವಾಣಿ ಎಂಬ ಹೆಸರೇ ರೋಮನ್ನಿನಲ್ಲಿ 9 ಅಕ್ಷರ, ಎಂಟರ ಜಾಗದಲ್ಲಿ ಕೂರುವುದಿಲ್ಲ. ಆದರೆ 2018ರ ಪರಿಷ್ಕೃತ ಅಂತರರಾಷ್ಟ್ರೀಯ ಮಾನಕದಲ್ಲಿ ಯೂನಿಕೋಡ್‌ಗೆ ಬಾಗಿಲು ತೆರೆದಿದೆ. ಸ್ಟೇಷನ್ನಿನ ಉದ್ದ ಹೆಸರಿಗೆ 32 ಬೈಟ್, ವಿಸ್ತೃತ ಪಠ್ಯಕ್ಕೆ 128 ಬೈಟ್. ಯುಟಿಎಫ್–8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಆ ಪ್ರಕಾರ ಆಕಾಶವಾಣಿ ಕನ್ನಡದಲ್ಲಿ 8 ಸಂಕೇತ, 24 ಬೈಟ್. ಹೊಸ ಜಾಗದಲ್ಲಿ ಸರಾಗವಾಗಿ ಕೂರುತ್ತದೆ. ಮೈಸೂರು ಅನಂತಸ್ವಾಮಿ ಎಂದು ಬರೆಯಲು 49 ಬೈಟ್. ಹಾಗಾಗಿ 128ರಲ್ಲಿ ಎಲ್ಲ ಹೆಸರೂ ಒಟ್ಟಿಗೆ ಹಿಡಿಸುವುದಿಲ್ಲ, ಗಾಯಕರನ್ನು ಒಮ್ಮೆ, ಬರೆದವರನ್ನು ಇನ್ನೊಮ್ಮೆ ಸರದಿಯಲ್ಲಿ ತೋರಿಸಬೇಕಾಗುತ್ತದೆ. ಡಿಜಿಟಲ್ ರೇಡಿಯೋದಲ್ಲಿ ಈ ಇಕ್ಕಟ್ಟು ಇನ್ನೂ ಕಡಿಮೆ. ಆಕಾಶವಾಣಿ ಮುಂಬೈ, ಬೆಂಗಳೂರು ಸೇರಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳಿಗೆ ಅಳವಡಿಸಿಕೊಂಡ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ ಮೊದಲಿನಿಂದಲೂ ಯೂನಿಕೋಡ್ ಪಠ್ಯವನ್ನು ಒಯ್ಯಬಲ್ಲದು. ಉಳಿದದ್ದು ಸೆಟ್ಟಿನ ಕಡೆಯ ಕೆಲಸ. ಎಂಟು ಮನೆಗಳ ಅಗ್ಗದ ಪರದೆಯಲ್ಲಿ ಒತ್ತಕ್ಷರ ಕೂರುವುದಿಲ್ಲ, ಅದಕ್ಕೆ ಫಾಂಟೂ ಅಕ್ಷರ ಜೋಡಿಸುವ ತಂತ್ರಾಂಶವೂ ಬೇಕು. ಇದು ಆಗದ ಮಾತಲ್ಲ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 16333 ಮಾನಕದ ಪ್ರಕಾರ ಇಲ್ಲಿ ಮಾರುವ ಮೊಬೈಲ್ ಫೋನುಗಳಲ್ಲಿ 22 ಅಧಿಕೃತ ಭಾಷೆಗಳ ಅಕ್ಷರ ಓದಲು ಬರಬೇಕು. ಕಡಿಮೆ ಬೆಲೆಯ ಕೀಪ್ಯಾಡ್ ಫೋನಿಗೆ ಆದದ್ದು ಕಾರಿನ ದುಬಾರಿ ಪರದೆಗೆ ಆಗದೆಂದರೆ ಯಾರು ನಂಬುತ್ತಾರೆ? ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಕನ್ನಡ ಉಳಿಸಿಕೊಂಡು ಬಂದಿರುವ ಊರು ಇದು. ಇಲ್ಲಿ ಲಿಪಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪರದೆಯ ಮಾತಾಡುವುದು ತಪ್ಪು, ಅದರಲ್ಲಿ ನಾನು ನಿಮ್ಮ ಪಕ್ಷ.

ಹಿರಿಯರು: ಆಯಿತು. ಆದರೆ ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಹಾಡು ಕೇಳಿಸಿದರೆ ಶಜಾಮ್‌ನಂಥ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುತ್ತದೆ. ಸ್ಟೇಷನ್ನಿಗೆ ಖರ್ಚು ಹಚ್ಚಿ, ಸೆಟ್ಟು ಮಾಡುವವರಿಗೆ ನಿಯಮ ಹಾಕಿ ನೀನು ಗಳಿಸುವುದೇನು? ಕಾಲ ಮುಂದೆ ಹೋಗಿದೆ, ಮಾರಾಯ.

ಕಿರಿಯರು: ಆ್ಯಪ್ ಹೇಳುವುದು ಹೋಲಿಕೆ ನೋಡಿ ಮಾಡಿದ ಊಹೆ, ಸ್ಟೇಷನ್ನು ಹೇಳುವುದು ಜವಾಬ್ದಾರಿಯ ಮಾತು. ಆ್ಯಪ್‌ಗೆ ಡೇಟಾ ಬೇಕು, ಕೈ ಬೇಕು, ಸುತ್ತ ಸದ್ದು ಕಡಿಮೆ ಇರಬೇಕು. ಕುರ್ಲಾದ ಗದ್ದಲದಲ್ಲಿ, ಸ್ಟೀರಿಂಗ್ ಹಿಡಿದವನಿಗೆ, ತಿಂಗಳ ಕೊನೆಯಲ್ಲಿ ರೀಚಾರ್ಜ್ ಮುಗಿದವನಿಗೆ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎಫ್‌ಎಂ ಹಾಗಲ್ಲ. ಇಯರ್‌ಫೋನಿನ ತಂತಿಯೇ ಆಂಟೆನಾ ಆಗುವ ಫೋನಿನಲ್ಲಿ ಒಂದು ಪೈಸೆ ಡೇಟಾ ಇಲ್ಲದೆ ಕೇಳುತ್ತದೆ. ಅದಕ್ಕೇ ಫೋನುಗಳಲ್ಲಿರುವ ಎಫ್‌ಎಂ ಸೌಲಭ್ಯವನ್ನು ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಆ ಫೋನಿಗೆ ಪರದೆ ಇದ್ದೇ ಇದೆ, ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಇನ್ನೂ ಒಂದು ಮಾತು: ತಾನಾಗಿ ಹುಡುಕಿದವನಿಗೆ ಮಾತ್ರ ಹೆಸರು ಸಿಗುವುದಾದರೆ, ಹುಡುಕುವ ಉತ್ಸಾಹ ಇಲ್ಲದ ಸಾವಿರಾರು ಜನರ ಮಟ್ಟಿಗೆ ಬರೆದವನು ಇಲ್ಲವೇ ಇಲ್ಲ. ಉದ್ಘೋಷಕ ಹೇಳುತ್ತಿದ್ದಾಗ ಕೇಳದವನ ಕಿವಿಗೂ ಹೆಸರು ಬೀಳುತ್ತಿತ್ತು. ಪರದೆಗೂ ಅದೇ ಗುಣವಿದೆ. ಬೇಡಿದವನಿಗೂ ಬೇಡದವನಿಗೂ ಸಮನಾಗಿ ಹೆಸರು ತಲುಪುತ್ತದೆ.

ಹಿರಿಯರು: ಬೇಡದವನ ಕಣ್ಣಿಗೂ ಬೀಳುತ್ತದೆ ಎಂದೆ. ಭಯ ಅದೇ. ಗಾಡಿ ಓಡಿಸುವವನ ಕಣ್ಣು ರಸ್ತೆಯ ಮೇಲಿರಬೇಕು. ಅದು ಸಾಲದೆಂದು ನಾಳೆ ಆ ಜಾಗವನ್ನು ಬಿಲ್ಡರ್‌ಗಳ ಫ್ಲ್ಯಾಟ್ ಜಾಹೀರಾತು ನುಂಗುತ್ತದೆ. ಹೆಸರಿಗೆಂದು ಬಿಡಿಸಿದ ಜಾಗವನ್ನು ಹೆಚ್ಚು ದುಡ್ಡು ಕೊಟ್ಟವನು ಹಿಡಿಯುತ್ತಾನೆ. ಮುಂಬೈಯಲ್ಲಿ ಒಂದು ಗೋಡೆ ಖಾಲಿ ಉಳಿದದ್ದುಂಟೇ?

ಕಿರಿಯರು: ಎರಡೂ ಭಯ ನಿಜ, ಎರಡಕ್ಕೂ ಮದ್ದೂ ಉಂಟು. ಆರ್‌ಡಿಎಸ್ ಮಾನಕದ ಪ್ರಕಾರವೇ ಎಂಟಕ್ಷರದ ಸ್ಟೇಷನ್ ಹೆಸರು ಅಲುಗಾಡಬಾರದು. ಅದನ್ನು ತುಂಡು ತುಂಡಾಗಿ ಬದಲಿಸುತ್ತ ಸಾಲು ಓಡಿಸುವುದು ನಿಯಮಕ್ಕೆ ವಿರುದ್ಧ, ಕಾರಣ ಚಾಲಕನ ಗಮನ ಹೋಗುತ್ತದೆ ಎಂಬುದೇ. ಚಾಲಕನನ್ನು ನಿಜವಾಗಿ ಕೆಡಿಸುವುದು ಓಡುವ ಅಕ್ಷರ. ಹಾಡು ಮುಗಿಯುವವರೆಗೂ ನಿಂತಲ್ಲೇ ನಿಂತ ಸಾಲನ್ನು ಸಿಗ್ನಲ್ಲಿನಲ್ಲಿ ನೋಡಿದರೂ ಆಯಿತು. ಜಾಹೀರಾತಿನ ಮಾತಿಗೆ ಬಂದರೆ, ಹಾಡು ನಡೆಯುವಾಗ ಪಠ್ಯದ ಜಾಗ ಹಾಡಿನ ಹೆಸರುಗಳಿಗೇ ಮೀಸಲು, ಜಾಹೀರಾತು ಕೇಳಿಸುವಾಗ ಬೇಕಾದರೆ ಅದರ ವಿವರ ತೋರಿಸಲಿ ಎಂದು ಪರವಾನಗಿಯಲ್ಲೇ ಬರೆದರೆ ಸಾಕು. ನಿಯಮವಿಲ್ಲದೆ ಬಿಟ್ಟರೆ ಮಾತ್ರ ನಿಮ್ಮ ಭಯ ನಿಜವಾಗುತ್ತದೆ. ಆ ಕಾರಣಕ್ಕೇ ನಾನು ಸ್ಟೇಷನ್ನಿನವರ ಸದ್ಬುದ್ಧಿಯನ್ನು ನಂಬಿ ಕೂರದೆ ಷರತ್ತು ಕೇಳುತ್ತಿದ್ದೇನೆ.

ಹಿರಿಯರು: ಕೊನೆಯದೊಂದು ಕೇಳುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ನಿಂತವು, ಫೋನು ಹತ್ತಲಿಲ್ಲ, ಜನ ರಾತ್ರಿಯಿಡೀ ನೀರಿನಲ್ಲಿ ನಡೆದರು. ಅಂಥ ಊರಿನಲ್ಲಿ ರೇಡಿಯೋ ಪರದೆಗೆ ಕೆಲಸ ಕೊಡುವುದಾದರೆ ಯಾವ ರಸ್ತೆಯಲ್ಲಿ ನೀರು ನಿಂತಿದೆ ಎಂದು ತೋರಿಸಲಿ. ಗೀತರಚನೆಕಾರನ ಹೆಸರು ಅದಕ್ಕಿಂತ ದೊಡ್ಡದೇ?

ಕಿರಿಯರು: ಅಂಥ ದಿನ ಖಂಡಿತ ದೊಡ್ಡದಲ್ಲ. ಆದರೆ ಎರಡೂ ಹೋಗುವುದು ಒಂದೇ ದಾರಿಯಲ್ಲಿ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲದಿದ್ದರೂ ಸಂಚಾರ, ಹವಾಮಾನ, ಪ್ರಕೃತಿ ವಿಕೋಪದ ಮಾಹಿತಿ ಕೊಡಬಹುದು. ಆರ್‌ಡಿಎಸ್‌ನಲ್ಲಿ ಸಂಚಾರ ಸೂಚನೆಗೆ ಪ್ರತ್ಯೇಕ ಗುರುತಿದೆ, ಡಿಆರ್‌ಎಂನಲ್ಲಿ ತುರ್ತು ಎಚ್ಚರಿಕೆಯ ವ್ಯವಸ್ಥೆಯಿದೆ. ವರ್ಷವಿಡೀ ಖಾಲಿ ಬಿದ್ದ ಪರದೆಯ ಕಡೆ ಮಳೆಯ ದಿನ ಯಾರೂ ಕಣ್ಣು ಹಾಯಿಸುವುದಿಲ್ಲ. ದಿನವೂ ಸರಿಯಾದ ಹೆಸರು ತೋರಿಸಿ ನಂಬಿಕೆ ಗಳಿಸಿದ ಪರದೆಯಲ್ಲಿ ಮಿಲನ್ ಸಬ್‌ವೇಯಲ್ಲಿ ನೀರು ಎಂದು ಬಂದರೆ ಜನ ಗಾಡಿ ತಿರುಗಿಸುತ್ತಾರೆ. ಪ್ರತಿ ಹಾಡಿನ ಜೊತೆ ಪಠ್ಯ ಬದಲಾಗುವ ಸ್ಟೇಷನ್ನಿನಲ್ಲಿ ಯಂತ್ರವೂ ಸರಿಯಿರುತ್ತದೆ, ಅದನ್ನು ನಡೆಸುವ ಕೈಯೂ ಪಳಗಿರುತ್ತದೆ.

ಹಿರಿಯರು: ಹಾಗಾದರೆ ನನ್ನದೂ ಒಂದು ಷರತ್ತು ಸೇರಿಸು. ತಪ್ಪು ಹೆಸರು ಬರುವುದಕ್ಕಿಂತ ಹೆಸರು ಬಾರದಿರುವುದೇ ಮೇಲು. ಕಂಪನಿಯ ಕಡತದಲ್ಲಿ ಗಾಯಕನ ಹೆಸರಿರುತ್ತದೆ, ಕವಿಯ ಜಾಗ ಖಾಲಿ ಇರುತ್ತದೆ. ಒಬ್ಬರ ರಚನೆ ಇನ್ನೊಬ್ಬರ ಹೆಸರಿಗೆ ಹೋದರೆ ಪರದೆ ಆ ತಪ್ಪನ್ನು ದಿನಕ್ಕೆ ಹತ್ತು ಸಲ ಸಾರುತ್ತದೆ. ಸಾಮಾನ್ಯ ಜನ ಅದನ್ನೇ ನಿಜವೆಂದು ನಂಬುತ್ತಾರೆ.

ಕಿರಿಯರು: ಸೇರಿಸುತ್ತೇನೆ, ಅದನ್ನೇ ಮೊದಲನೆಯದಾಗಿ ಬರೆಯುತ್ತೇನೆ. ತಪ್ಪು ತೋರಿಸಿದರೆ ತಿದ್ದುವ ಹೊಣೆ ಸ್ಟೇಷನ್ನಿನದು, ಕವಿಯ ಜಾಗ ಖಾಲಿ ಇಟ್ಟು ಹಾಡು ಒಪ್ಪಿಸುವಂತಿಲ್ಲ ಎಂಬ ಕಟ್ಟು ರೆಕಾರ್ಡ್ ಕಂಪನಿಗೆ. ಇದನ್ನೆಲ್ಲ ಕೇಳಲು ಇದೇ ಸಮಯ. ಖಾಸಗಿ ಸ್ಟೇಷನ್ನುಗಳ ಡಿಜಿಟಲ್ ಪ್ರಸಾರದ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ಶಿಫಾರಸು ಕೊಟ್ಟಿದೆ. ದೇಶಕ್ಕೆಲ್ಲ ಒಂದೇ ತಂತ್ರಜ್ಞಾನ ಇರಲಿ, ಮುಂಬೈ, ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಹಳೆಯ ಪ್ರಸಾರದ ಜೊತೆಜೊತೆಗೇ ಡಿಜಿಟಲ್ ಶುರುವಾಗಲಿ ಎಂದು ಅದು ಹೇಳಿದೆ. ತಂತ್ರಜ್ಞಾನ, ತರಂಗಾಂತರದ ಬೆಲೆ ಎಂದು ಚರ್ಚೆ ನಡೆಯುವಾಗ ಪರದೆಯ ಮೇಲೆ ಏನಿರಬೇಕು ಎಂಬುದು ಕೊನೆಗೆ ಉಳಿದು ಮರೆತು ಹೋಗುತ್ತದೆ. ಸೆಟ್ಟುಗಳು ಲಕ್ಷಗಟ್ಟಲೆ ಮಾರಾಟವಾದ ಮೇಲೆ ಕನ್ನಡ ಫಾಂಟು ಹಾಕಿ ಎಂದರೆ ಯಾರೂ ಕಿವಿಗೊಡುವುದಿಲ್ಲ. ಆದ್ದರಿಂದ ನೀತಿ ಅಂತಿಮವಾಗುವ ಮುಂಚೆಯೇ ಬರೆಯಿಸಬೇಕು: ಹಾಡಿನ ಜೊತೆ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ಚಿತ್ರ ಅಥವಾ ಸಂಕಲನ ಈ ನಾಲ್ಕು ಹೆಸರು ಕಡ್ಡಾಯ. ಹಾಡಿನ ಭಾಷೆಯ ಲಿಪಿಯಲ್ಲಿ ಒಮ್ಮೆ, ರೋಮನ್ನಿನಲ್ಲಿ ಒಮ್ಮೆ. ಸೆಟ್ಟಿಗೆ 22 ಭಾಷೆಗಳ ಅಕ್ಷರ ಓದಲು ಬರಬೇಕು. ಡಿಜಿಟಲ್ ಬರುವವರೆಗೆ ಇರುವ ಆರ್‌ಡಿಎಸ್‌ನಲ್ಲೇ ಈ ಕೆಲಸ ಶುರುವಾಗಬೇಕು. ಕನ್ನಡ ಸಂಘಗಳು, ಗೀತರಚನೆಕಾರರು, ಕೇಳುಗರು ಈ ಮಾತನ್ನು ಟ್ರಾಯ್‌ಗೂ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಬರೆದು ತಿಳಿಸಬೇಕು. 1949ರಲ್ಲಿ ಒಂದು ಹೆಸರನ್ನು ಹೊರಗೆ ತಂದದ್ದು ಕೇಳುಗರ ಪತ್ರಗಳೇ. ಈಗ ಅವರು ಬರೆದರೆ ಮುಂದಿನ ಎಲ್ಲ ಹಾಡುಗಳಿಗೂ ಹೆಸರು ದಕ್ಕುತ್ತದೆ.